ಒಂದು ದೀಪ, ಒಂದು ಕರಿ ಕಂಬಳಿ: ಬಾಡಿಗೆ ಮನೆಯ ಹಾಲ್‌ನಲ್ಲೇ ಭಾವಚಿತ್ರದ ಬೆಳಕು ಕಲಿಯುವುದು

ಹನುಮಂತನಗರದಲ್ಲಿ ನಾನಿರುವ ಬಾಡಿಗೆ ಮನೆಯ ಹಾಲ್ ಹತ್ತು ಅಡಿಗೆ ಹನ್ನೆರಡು ಅಡಿ. ಗೋಡೆಗೆಲ್ಲ ಕ್ರೀಮ್ ಬಣ್ಣ, ಸೀಲಿಂಗ್ ಬಿಳಿ, ನೆಲಕ್ಕೆ ಹೊಳೆಯುವ ಟೈಲ್ಸ್. ಇಲ್ಲಿ ಒಂದು ಫ್ಲ್ಯಾಶ್ ಹೊಡೆದರೆ ಬೆಳಕು ರಬ್ಬರ್ ಚೆಂಡಿನ ಹಾಗೆ ಗೋಡೆಯಿಂದ ಗೋಡೆಗೆ ಪುಟಿದು, ಎಲ್ಲ ಕಡೆಯಿಂದಲೂ ಮುಖದ ಮೇಲೆ ಬಂದು ಬೀಳುತ್ತದೆ. ಮೊದಲ ಒಂದು ವರ್ಷ ನಾನು ತೆಗೆದದ್ದೆಲ್ಲ ಆಧಾರ್ ಕಾರ್ಡಿನ ಫೋಟೋ ತರಾನೇ ಇತ್ತು. ಮೂಗಿಗೆ ನೆರಳಿಲ್ಲ, ಕೆನ್ನೆಗೆ ಇಳಿಜಾರಿಲ್ಲ. ಬೆಳಕು ಸಾಲದು ಅಂದುಕೊಂಡು ಎರಡನೇ ದೀಪ ತಂದೆ. ಇನ್ನೂ ಚಪ್ಪಟೆಯಾಯಿತು.

ಆಮೇಲೆ ಒಂದು ಮಳೆಗಾಲ. ಮುಗ್ಗಲು ವಾಸನೆ ಹೋಗಲಿ ಅಂತ ಊರಿಂದ ತಂದ ಕರಿ ಕಂಬಳಿಯನ್ನು ಎರಡು ಕುರ್ಚಿಗಳ ಮೇಲೆ ಹರವಿದ್ದೆ. ಕೆಳಗಿನ ಮನೆ ಅಜ್ಜಿ ಏನೋ ಕೇಳಲು ಮೇಲೆ ಬಂದವರು ಅದರ ಪಕ್ಕದ ಸ್ಟೂಲ್ ಮೇಲೆ ಕೂತರು. ಕಿಟಕಿ ಅವರ ಎಡಕ್ಕೆ, ಕಂಬಳಿ ಬಲಕ್ಕೆ. ಸುಮ್ನೆ ಒಂದು ಕ್ಲಿಕ್ ಮಾಡಿದೆ. ಕಂಬಳಿ ಕಡೆಯ ಕೆನ್ನೆ ಮೆಲ್ಲಗೆ ಕತ್ತಲಿಗೆ ಜಾರಿತ್ತು. ದವಡೆಯ ಗೆರೆ, ಕಣ್ಣಿನ ಗುಳಿ, ಹಣೆಯ ಮಡಿಕೆ ಎಲ್ಲ ಎದ್ದು ಬಂದಿತ್ತು. ನಮ್ಮ ಪುಟ್ಟ ಮನೆಗಳಲ್ಲಿ ಬೆಳಕು ಬೇಕಾದಷ್ಟಿದೆ, ಅದನ್ನು ತಡೆಯುವ ಕೆಲಸವೇ ದೊಡ್ಡದು ಅಂತ ಆವತ್ತು ಗೊತ್ತಾಯಿತು. ಅಲ್ಲಿಂದ ಹನ್ನೆರಡು ಭಾನುವಾರ ಅದೇ ಅಜ್ಜಿ, ಒಂದೇ ದೀಪ, ಅದೇ ಕಂಬಳಿ ಇಟ್ಟುಕೊಂಡು ಪ್ರಯೋಗ ಮಾಡಿದೆ. ನೀವೂ ಹಾಗೇ ಮಾಡಿ. ಪ್ರತಿ ಸಲ ಬೇರೆ ಬೇರೆ ಮುಖ ಹಿಡಿದರೆ ಬದಲಾಗಿದ್ದು ಮುಖವೋ ಬೆಳಕೋ ತಿಳಿಯುವುದಿಲ್ಲ.

ಸಾಮಾನು

ಮ್ಯಾನುವಲ್ ಮೋಡ್ ಇರುವ ಯಾವ ಕ್ಯಾಮೆರಾ ಆದರೂ ಸರಿ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಇದ್ದರೆ 50 ಎಂಎಂ ಲೆನ್ಸ್, ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಆದರೆ 85 ಎಂಎಂ. ಫೋನ್ ಆದರೆ 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬಳಸಿ. ಯಾವುದೇ ಇರಲಿ, ಐದಾರು ಅಡಿ ದೂರ ನಿಲ್ಲಿ. ಎರಡು ಅಡಿಗೆ ಹೋಗಿ ತೆಗೆದರೆ ಮೂಗು ಉಬ್ಬುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ.

ದೀಪಕ್ಕೆ ಒಂದು ಸ್ಪೀಡ್‌ಲೈಟ್ (ಕ್ಯಾಮೆರಾದಿಂದ ಬಿಚ್ಚಿ ಇಡಬಹುದಾದ ಪುಟ್ಟ ಫ್ಲ್ಯಾಶ್) ಮತ್ತು ಅದನ್ನು ದೂರದಿಂದ ಹೊತ್ತಿಸಲು ಒಂದು ಟ್ರಿಗರ್ ಸಾಕು. ಫೋನ್‌ನಲ್ಲಿ ತೆಗೆಯುವವರು ಎಲ್‌ಇಡಿ ಪ್ಯಾನೆಲ್ ತೆಗೆದುಕೊಳ್ಳಿ. ಡಬ್ಬದ ಮೇಲೆ ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, 95ರ ಆಸುಪಾಸು ಇದೆಯಾ ನೋಡಿ. ಅದು ಕಡಿಮೆ ಇರುವ ದೀಪದಲ್ಲಿ ನಮ್ಮ ಕಂದು ಮೈಬಣ್ಣದ ಕೆಂಪು ಸತ್ತು, ಮುಖಕ್ಕೆ ಒಂದು ತರಹ ಹಸಿರು ಬೂದು ಕವಿಯುತ್ತದೆ.

ಇನ್ನು ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ. ಒಂದು ಬಿಳಿ ಪಂಚೆ, ಬಟ್ಟೆ ಒಣಹಾಕುವ ಹಗ್ಗ, ಹತ್ತು ಕ್ಲಿಪ್, ಫ್ರಿಜ್ಜೋ ಟಿವಿಯೋ ಬಂದ ಡಬ್ಬದ ಥರ್ಮಾಕೋಲ್, ಅಳತೆ ಟೇಪು, ಮತ್ತೆ ಕರಿ ಕಂಬಳಿ. ಕಂಬಳಿ ಸಿಗದಿದ್ದರೆ ಚಿಕ್ಕಪೇಟೆಯಲ್ಲಿ ಕಪ್ಪು ಬಟ್ಟೆ ಕೊಳ್ಳಬಹುದು. ಆದರೆ ಸ್ಯಾಟಿನ್ ಬೇಡ, ಅದು ಹೊಳೆಯುತ್ತದೆ. ಒರಟು ಉಣ್ಣೆ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಕುರುಬರ ಕೈಕಂಬಳಿ ಇದ್ದರಂತೂ ಅದೃಷ್ಟ.

ಪಂಚೆ ಬಗ್ಗೆ ಒಂದು ಮಾತು. ಒಗೆಯುವಾಗ ನೀಲಿ ಹಾಕಿದ ಪಂಚೆ ಬೆಳಕನ್ನು ಸ್ವಲ್ಪ ನೀಲಿ ಮಾಡುತ್ತದೆ. ಅಂಚು ದೊಡ್ಡದಿದ್ದರೆ ಅದೂ ತನ್ನ ಬಣ್ಣ ಬಿಡುತ್ತದೆ. ಅಂಚನ್ನು ಮಡಚಿ ಕ್ಲಿಪ್ ಹಾಕಿ. ಬಿಳಿ ಕಾಗದವನ್ನು ಅದೇ ಬೆಳಕಿನಲ್ಲಿ ಹಿಡಿದು, ಬಿಳಿ ಬಿಳಿಯಾಗೇ ಕಾಣುವ ಹಾಗೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಿ.

ಮೊದಲು ಕತ್ತಲು

ಫ್ಲ್ಯಾಶ್ ಆಫ್ ಮಾಡಿ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ ಲೆಕ್ಕ) 1/160, ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ) ಎಫ್ 5.6, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು) 100 ಇಟ್ಟು ಒಂದು ಫೋಟೋ ತೆಗೆಯಿರಿ. ಫೋಟೋ ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ದರೆ ಎಲ್ಲಿಂದಲೋ ಬೆಳಕು ನುಗ್ಗುತ್ತಿದೆ ಅಂತ ಅರ್ಥ. ಟ್ಯೂಬ್‌ಲೈಟ್ ಆರಿಸಿ, ಪರದೆ ಎಳೆಯಿರಿ. ಇಷ್ಟು ಮಾಡಿದ ಮೇಲೆ ನಿಮ್ಮ ಫೋಟೋದಲ್ಲಿ ಕಾಣುವ ಪ್ರತಿಯೊಂದು ಬೆಳಕೂ ನೀವು ಇಟ್ಟದ್ದೇ ಆಗಿರುತ್ತದೆ. ಈ ಕೆಲಸಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

ಎಲ್‌ಇಡಿ ಬಳಸುವವರಿಗೆ ಇನ್ನೊಂದು ತೊಂದರೆ ಇದೆ. ನಮ್ಮ ಕರೆಂಟ್ 50 ಹರ್ಟ್ಜ್. ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಒಂದು ಕಚೇರಿಯಲ್ಲಿ ಮೂವತ್ತು ಸಿಬ್ಬಂದಿಯ ಫೋಟೋ ತೆಗೆದು ಮನೆಗೆ ಬಂದು ನೋಡಿದರೆ, ಅರ್ಧ ಜನರ ಮುಖದ ಮೇಲೆ ಇಳಕಲ್ ಸೀರೆ ಪಟ್ಟಿ ಹಾಗೆ ಅಡ್ಡಡ್ಡ ಗೆರೆ! ಮತ್ತೆ ಹೋಗಿ, ಕೈಯಿಂದ ಆಟೋ ಖರ್ಚು ಹಾಕಿ, ಎಲ್ಲರನ್ನೂ ಕೂರಿಸಿ ತೆಗೆದೆ. ಇಂಥ ದೀಪವಿದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಗೆರೆ ಮಾಯವಾಗುತ್ತದೆ.

ಕಿಟಕಿ: ಯಾವ ತಿಂಗಳು, ಯಾವ ದಿಕ್ಕು

ದೀಪ ಮುಟ್ಟುವ ಮೊದಲು ಎರಡು ಭಾನುವಾರ ಬರೀ ಕಿಟಕಿ ಜೊತೆ ಕಳೆಯಿರಿ. ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ, ಅದೇ ಭಾವಚಿತ್ರಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಯೂರೋಪಿನವರ ಸ್ಟುಡಿಯೋ ಮಾತು ಅದು. ಬೆಂಗಳೂರಿಗೆ ಅದು ಅರ್ಧ ವರ್ಷ ಮಾತ್ರ ಸರಿ.

ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುತ್ತಮುತ್ತ ಮತ್ತು ಆಗಸ್ಟ್ 18ರ ಸುತ್ತಮುತ್ತ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಜವಾಹರಲಾಲ್ ನೆಹರು ತಾರಾಲಯದವರು ಮಕ್ಕಳಿಗೆ ಕೋಲು ನೆಟ್ಟು ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಜೂನ್‌ನಲ್ಲಂತೂ ಹುಟ್ಟಿದಾಗಿನಿಂದ ಮುಳುಗುವ ತನಕ ಉತ್ತರದಲ್ಲೇ. ಬೆಳಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬಂದೇ ಬರುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಮೇ, ಜೂನ್, ಜುಲೈನಲ್ಲಿ ದಕ್ಷಿಣದ ಕಿಟಕಿ, ಚಳಿಗಾಲದಲ್ಲಿ ಉತ್ತರದ ಕಿಟಕಿ.

ದಿಕ್ಕು ಸರಿಯಾದರೂ ಪಕ್ಕದ ಮನೆ ಗೋಡೆ ಇದೆಯಲ್ಲ! ನಮ್ಮ ಬಡಾವಣೆಗಳಲ್ಲಿ ಎರಡು ಮನೆ ನಡುವೆ ಮೂರು ಅಡಿ ಜಾಗ ಇದ್ದರೆ ಹೆಚ್ಚು. ಕಿಟಕಿಗೆ ಬರುವುದು ಆಕಾಶದ ಬೆಳಕಲ್ಲ, ಆ ಗೋಡೆಯ ಬೆಳಕು. ಪಕ್ಕದವರು ಗೃಹಪ್ರವೇಶಕ್ಕೆ ಗಿಳಿಹಸಿರು ಬಳಿಸಿದ ವಾರ ಅಜ್ಜಿಯ ಎಡಗೆನ್ನೆ ಹಸಿರಾಗಿತ್ತು. ಕ್ಯಾಮೆರಾ ಕೆಟ್ಟಿತು ಅಂತಲೇ ಅಂದುಕೊಂಡಿದ್ದೆ. ಇಂಥ ಕಡೆ ಕಿಟಕಿ ಬಿಟ್ಟು ಬಾಗಿಲಿಗೆ ಹೋಗಿ. ಬಾಗಿಲಿಂದ ಮೂರು ಅಡಿ ಒಳಗೆ ಸ್ಟೂಲ್ ಹಾಕಿ, ನೀವು ಗೋಡೆಗೆ ಒರಗಿ ನಿಂತು ತೆಗೆಯಿರಿ.

ಕಿಟಕಿ ಪಕ್ಕ ಕೂರಿಸುವಾಗ ಒಂದು ಅಡಿ, ಮೂರು ಅಡಿ, ಆರು ಅಡಿ, ಹೀಗೆ ಮೂರು ಕಡೆ ಕೂರಿಸಿ ಒಂದೊಂದು ಫೋಟೋ ತೆಗೆಯಿರಿ. ಕಿಟಕಿ ಮುಖಕ್ಕೆ ಹತ್ತಿರವಿದ್ದಷ್ಟೂ ಅದು ದೊಡ್ಡ ದೀಪ. ದೊಡ್ಡ ದೀಪದ ನೆರಳಿನ ಅಂಚು ಮೆತ್ತಗೆ. ಹಿಂದೆ ಸರಿದಂತೆ ಅದೇ ಕಿಟಕಿ ಚಿಕ್ಕದಾಗುತ್ತ, ನೆರಳಿನ ಅಂಚು ಗಟ್ಟಿಯಾಗುತ್ತದೆ.

ಮುಖದ ಸುತ್ತ ದೀಪದ ಪ್ರದಕ್ಷಿಣೆ

ಈಗ ದೀಪ. ಪಂಚೆಯನ್ನು ಎರಡು ಪದರ ಮಾಡಿ ಹಗ್ಗಕ್ಕೆ ಇಳಿಬಿಡಿ. ಅದರ ಹಿಂದೆ ಎರಡು ಅಡಿ ದೂರದಲ್ಲಿ ಫ್ಲ್ಯಾಶ್ ಇಡಿ. ಪಂಚೆ ಪೂರ್ತಿ ತುಂಬುವಷ್ಟು ಬೆಳಕು ಹರಡಬೇಕು. ಫ್ಲ್ಯಾಶ್ ಪಂಚೆಗೆ ತೀರಾ ಅಂಟಿಕೊಂಡರೆ ನಡುವೆ ಒಂದು ಬಿಳಿ ಚುಕ್ಕೆ ಮಾತ್ರ ಉರಿಯುತ್ತದೆ. ಪಂಚೆ ಕಟ್ಟಿದ್ದರಿಂದ ಏನೂ ಉಪಯೋಗ ಆಗುವುದಿಲ್ಲ.

ಹಗ್ಗವನ್ನು ಪದೇ ಪದೇ ಬಿಚ್ಚಿ ಕಟ್ಟುವ ಬದಲು ಸ್ಟೂಲನ್ನೇ ತಿರುಗಿಸಿ. ನೆಲದ ಮೇಲೆ ಸೀಮೆಸುಣ್ಣದಿಂದ ಗಡಿಯಾರ ಬರೆಯಿರಿ. ಅಜ್ಜಿ ನಡುವೆ, ನೀವು ಆರು ಗಂಟೆ ಕಡೆ. ಬೆಳಕು ಆರರಿಂದ ಶುರುವಾಗಿ ಏಳು, ಎಂಟು, ಒಂಬತ್ತು, ಹತ್ತಕ್ಕೆ ಬರುವ ಹಾಗೆ ಕುರ್ಚಿ, ಕ್ಯಾಮೆರಾ ಎರಡನ್ನೂ ಸರಿಸುತ್ತ ಹೋಗಿ. ಪ್ರತಿ ಗಂಟೆಗೂ ಒಂದೇ ಫೋಟೋ. ನೋಡಬೇಕಾದದ್ದು ಮೂಗಿನ ನೆರಳನ್ನು ಮಾತ್ರ.

ಆರರಲ್ಲಿ, ದೀಪ ಹಣೆಗಿಂತ ಎತ್ತರದಲ್ಲಿದ್ದರೆ, ಮೂಗಿನ ಕೆಳಗೆ ಪುಟ್ಟ ಚಿಟ್ಟೆಯಂಥ ನೆರಳು ಬೀಳುತ್ತದೆ. ಏಳರಲ್ಲಿ ಅದು ತುಟಿಯ ಮೂಲೆ ಕಡೆ ವಾಲುತ್ತದೆ. ಏಳೂವರೆ ಎಂಟರ ನಡುವೆ ಮೂಗಿನ ನೆರಳು ಹೋಗಿ ಕೆನ್ನೆಯ ನೆರಳನ್ನು ಮುಟ್ಟಿ, ಆಚೆ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಲ್ಲಿ ಕರೆಯುವ ಬೆಳಕು ಇದೇ. ಒಂಬತ್ತರಲ್ಲಿ ಮುಖ ಸರಿ ಅರ್ಧ. ಹತ್ತರಲ್ಲಿ ಕೆನ್ನೆಯ ಅಂಚು ಮಾತ್ರ.

ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಅಜ್ಜಿಯ ಮೂಗು ಚಪ್ಪಟೆ, ತ್ರಿಕೋನ ಸುಲಭಕ್ಕೆ ಸಿಗಲಿಲ್ಲ. ದೀಪವನ್ನು ಒಂದು ಗೇಣು ಎತ್ತಿದ ಮೇಲೆ ಸಿಕ್ಕಿತು. ಅದಕ್ಕಿಂತ ತಲೆಕೆಡಿಸಿದ್ದು ಅವರ ಮೂಗುತಿ. ಏಳು ಬಿಳಿ ಹರಳಿನ ಹಳೇ ಮೂಗುತಿ. ಏಳು ಗಂಟೆಯ ಜಾಗದಲ್ಲಿ ಹರಳುಗಳೆಲ್ಲ ಒಟ್ಟಿಗೆ ಉರಿದು ಬಿಳಿ ಕಲೆಯಾಗಿಬಿಡುತ್ತಿತ್ತು. ಎಂಟಕ್ಕೆ ಬಂದಾಗ ಮೂರು ಹರಳು ಮಾತ್ರ ಹೊಳೆದು, ಉಳಿದ ನಾಲ್ಕು ಗಾಜಿನ ಹಾಗೆ ತಣ್ಣಗೆ ಕಂಡವು. ಮೂಗುತಿಯ ಪುಟ್ಟ ನೆರಳು ಮೂಗಿನ ಹೊಳ್ಳೆಯ ಮೇಲೆ ಜೀರಿಗೆ ಕಾಳಿನಷ್ಟು. ಆ ನೆರಳು ಇದ್ದದ್ದರಿಂದಲೇ ಅದು ಒಡವೆ ಅನ್ನಿಸುತ್ತಿತ್ತು. ಮೂಗುತಿ ಇರುವವರನ್ನು ತೆಗೆಯುವಾಗ ಅದು ಯಾವ ಕಡೆ ಇದೆಯೋ ಆ ಕಡೆಯಿಂದ ಮೊದಲು ದೀಪ ಇಟ್ಟು ನೋಡಿ, ಆಮೇಲೆ ಎದುರು ಕಡೆಯಿಂದ. ಎರಡೂ ಬೇರೆ ಬೇರೆ ಮುಖ.

ಕನ್ನಡಕ ಇದ್ದರೆ ಗಾಜಿನಲ್ಲಿ ಪಂಚೆಯೇ ಕಾಣುತ್ತದೆ. ದೀಪ ಎತ್ತರಿಸಿ, ಗಲ್ಲ ಸ್ವಲ್ಪ ಇಳಿಸಲು ಹೇಳಿ. ಆಗಲೂ ಕಂಡರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟೇ ಎತ್ತಿ ಕೂರಿಸಿ. ಗಾಜು ಕೆಳಮುಖವಾಗಿ ಹೊಳಪು ಇಳಿದುಹೋಗುತ್ತದೆ.

"ಏನೋ, ಮುಗೀತಾ ನಿನ್ನ ದೀಪಾರತಿ? ಅನ್ನಕ್ಕಿಟ್ಟು ಬಂದಿದ್ದೀನಿ" ಅಂದರು ಅಜ್ಜಿ.

"ಇನ್ನೆರಡೇ ಅಜ್ಜಿ, ಸ್ವಲ್ಪ ಬಾಗಿಲ ಕಡೆ ನೋಡಿ."

ಕೂತವರ ತಾಳ್ಮೆ ಇಪ್ಪತ್ತು ನಿಮಿಷ. ಅದಕ್ಕೇ ಅಳತೆ, ಪರೀಕ್ಷೆ ಎಲ್ಲ ಮೊದಲೇ ಮುಗಿಸಿ. ಪರೀಕ್ಷೆಗೆ ಮನುಷ್ಯರ ಬದಲು ಮಣ್ಣಿನ ಮಡಕೆ ಮೇಲೆ ತೆಂಗಿನಕಾಯಿ ಇಟ್ಟರೂ ಸಾಕು. ಜುಟ್ಟು ಮೂಗಿನ ಕೆಲಸ ಮಾಡುತ್ತದೆ.

ಎರಡು ಅಡಿಯ ಲೆಕ್ಕ

ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಓದಿದ್ದೇವೆ, ಮರೆತಿದ್ದೇವೆ. ಭಾವಚಿತ್ರದಲ್ಲಿ ಇದರ ಉಪಯೋಗ ಹಿನ್ನೆಲೆಯ ಗೋಡೆಯಲ್ಲಿ ಕಾಣುತ್ತದೆ.

ಬೆಳಕು ಮುಖಕ್ಕೆ ಎರಡು ಅಡಿ ದೂರದಲ್ಲಿದೆ, ಗೋಡೆ ಮುಖದಿಂದ ಇನ್ನೆರಡು ಅಡಿ ಹಿಂದಿದೆ ಅಂದುಕೊಳ್ಳಿ. ಮುಖಕ್ಕೆ ಸಿಕ್ಕ ಬೆಳಕಿನ ಕಾಲು ಭಾಗ ಗೋಡೆಗೆ. ಕ್ಯಾಮೆರಾ ಭಾಷೆಯಲ್ಲಿ ಎರಡು ಸ್ಟಾಪ್ ಕಡಿಮೆ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ. ಕ್ರೀಮ್ ಗೋಡೆ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಅದೇ ದೀಪವನ್ನು ಆರು ಅಡಿಗೆ ಒಯ್ದರೆ ಗೋಡೆ ಎಂಟು ಅಡಿ ದೂರದಲ್ಲಿರುತ್ತದೆ. ಆಗ ಅರ್ಧಕ್ಕಿಂತ ಜಾಸ್ತಿ ಬೆಳಕು ಗೋಡೆಗೂ ಸಿಗುತ್ತದೆ, ಕ್ರೀಮ್ ಕ್ರೀಮಾಗೇ ಉಳಿಯುತ್ತದೆ. ದೀಪ ಹತ್ತಿರ ತಂದಾಗ ಫ್ಲ್ಯಾಶ್ ಶಕ್ತಿ ತಗ್ಗಿಸುವುದನ್ನು ಮರೆಯಬೇಡಿ. ಹಿನ್ನೆಲೆ ಬಟ್ಟೆ ಕೊಳ್ಳಲು ಹೊರಟವರು ಮೊದಲು ಈ ಪ್ರಯೋಗ ಮಾಡಿ. ನನ್ನ ಒಂದೇ ಗೋಡೆ ಈಗ ಬಿಳಿ, ಬೂದಿ, ಕಪ್ಪು ಮೂರೂ ಆಗುತ್ತದೆ.

ಅಂದಹಾಗೆ ಇಲ್ಲಿ ಒಂದು ತಿಕ್ಕಾಟ ಇದೆ. ಹತ್ತಿರದ ದೀಪ ಮೆತ್ತಗಿನ ನೆರಳು ಕೊಡುತ್ತದೆ, ಆದರೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಬೆಳಕು ಬೇಗ ಇಳಿದುಹೋಗುತ್ತದೆ. ಒಬ್ಬರ ಮುಖಕ್ಕೆ ಅದು ಚಂದ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದರೆ ಒಬ್ಬರು ಹಗಲು, ಒಬ್ಬರು ರಾತ್ರಿ. ಇಬ್ಬರಿದ್ದರೆ ದೀಪ ಹಿಂದೆ ಸರಿಸಿ.

ಕಂಬಳಿಯ ಕೆಲಸ

ದೀಪ ಎಂಟು ಗಂಟೆಯ ಜಾಗದಲ್ಲಿ ಇರಲಿ. ಎದುರು ಕಡೆಯಲ್ಲಿ, ಮುಖದಿಂದ ಒಂದೂವರೆ ಅಡಿ ದೂರಕ್ಕೆ ಥರ್ಮಾಕೋಲ್ ನಿಲ್ಲಿಸಿ ಒಂದು ಫೋಟೋ. ಅದನ್ನು ತೆಗೆದು ಇನ್ನೊಂದು. ಅಲ್ಲೇ ಕಂಬಳಿ ತೂಗುಹಾಕಿ ಮೂರನೇದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಥರ್ಮಾಕೋಲ್ ಇಟ್ಟದ್ದಕ್ಕೂ ತೆಗೆದದ್ದಕ್ಕೂ ನಮ್ಮಂಥ ಹಾಲ್‌ನಲ್ಲಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ, ಯಾಕೆಂದರೆ ಗೋಡೆಗಳೇ ಥರ್ಮಾಕೋಲಿನ ಹಾಗೆ ಬೆಳಕನ್ನು ಮುಖಕ್ಕೆ ಪುಟಿಸುತ್ತವೆ. ಕಂಬಳಿ ಬಂದಾಗ ಮಾತ್ರ ಮುಖ ತಿರುವು ಪಡೆಯುತ್ತದೆ.

ಕಂಬಳಿಯನ್ನು ಇನ್ನೂ ಎರಡು ಕಡೆ ಹಾಕಿ ನೋಡಿ. ಸ್ಟೂಲಿನ ಕೆಳಗೆ ಟೈಲ್ಸ್ ಮೇಲೆ ಹಾಸಿದರೆ ಗಲ್ಲದ ಕೆಳಗಿನಿಂದ ಬರುವ ಬೆಳಕು ನಿಂತು ಕುತ್ತಿಗೆ ದವಡೆಯಿಂದ ಬೇರೆಯಾಗುತ್ತದೆ. ದೀಪ ಮತ್ತು ಹಿನ್ನೆಲೆ ಗೋಡೆಯ ನಡುವೆ ತೂಗುಹಾಕಿದರೆ ಗೋಡೆ ಕಪ್ಪಾಗುತ್ತದೆ, ಮುಖ ಹಾಗೇ ಇರುತ್ತದೆ. ಎಲ್ಲ ಕಡೆ ಒಟ್ಟಿಗೆ ಬೇಡ. ವಯಸ್ಸಾದವರ ಮುಖಕ್ಕೆ ಒಂದು ಕಡೆ ಸಾಕು, ಇಲ್ಲದಿದ್ದರೆ ಕಣ್ಣು ಗುಹೆಯೊಳಗೆ ಹೋಗಿಬಿಡುತ್ತದೆ. ತೆರೆದ ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಕಾಣಲೇಬೇಕು.

ಮೈಬಣ್ಣ

ಕಪ್ಪು, ಕಂದು ಮೈಬಣ್ಣವನ್ನು ಬಿಳಿ ಮಾಡಲು ಫ್ಲ್ಯಾಶ್ ಏರಿಸುತ್ತ ಹೋಗುವುದು ನಮ್ಮ ಮದುವೆ ಆಲ್ಬಂಗಳ ಹಳೇ ರೋಗ. ಕಂದು ಚರ್ಮದ ಚೆಲುವು ಅದರ ಹೊಳಪಿನಲ್ಲಿದೆ. ಕೆನ್ನೆಮೂಳೆ, ಮೂಗಿನ ಸೇತುವೆ, ಹಣೆಯ ಮೇಲೆ ದೀಪದ ಪ್ರತಿಬಿಂಬ ಬೀಳುವ ಜಾಗ ನೋಡಿ. ದೀಪ ದೊಡ್ಡದಾಗಿದ್ದರೆ ಆ ಹೊಳಪು ಅಗಲವಾಗಿ, ರೇಷ್ಮೆಯಂತೆ ಹರಡುತ್ತದೆ. ಬರೀ ಫ್ಲ್ಯಾಶ್ ಆದರೆ ಚಿಕ್ಕ ಬಿಳಿ ಚುಕ್ಕೆಯಾಗಿ ಎಣ್ಣೆಮುಖ ಕಾಣುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಹಣೆಯನ್ನು ಟಿಶ್ಯೂನಿಂದ ಒತ್ತಿ, ಉಜ್ಜಬೇಡಿ, ಕುಂಕುಮ ಹರಡುತ್ತದೆ.

ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಮಾಡಲು ನೋಡುತ್ತದೆ. ಕಂಬಳಿ ಹಿಂದೆ ಇದ್ದರೆ ಅದು ಗಾಬರಿಯಾಗಿ ಮುಖವನ್ನು ಸುಟ್ಟುಬಿಡುತ್ತದೆ. ಬಿಳಿ ಪಂಚೆ ಉಟ್ಟವರಿದ್ದರೆ ಮುಖ ಕಪ್ಪಿಡುತ್ತದೆ. ಮ್ಯಾನುವಲ್‌ನಲ್ಲೇ ಇರಿ. ಫೋನ್‌ನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ, ಆಮೇಲೆ ಸ್ವಲ್ಪ ಕೆಳಗೆ ಎಳೆಯಿರಿ.

ಇನ್ನು ಆಟ

ಇಷ್ಟು ಕೈಗೆ ಬಂದ ಮೇಲೆ ಏನು ಬೇಕಾದರೂ ಮಾಡಬಹುದು. ನಾನು ಮಾಡಿದವುಗಳಲ್ಲಿ ಗೆದ್ದದ್ದು ಎರಡು, ಸೋತದ್ದು ಹಲವು.

ಜರಡಿ. ಅಡುಗೆಮನೆಯ ದಪ್ಪ ಕಣ್ಣಿನ ಜರಡಿ ಅಥವಾ ಬೆತ್ತದ ಕುರ್ಚಿಯ ಬೆನ್ನನ್ನು ಫ್ಲ್ಯಾಶ್ ಮತ್ತು ಮುಖದ ನಡುವೆ ಹಿಡಿದರೆ ಮುಖದ ಮೇಲೆ ಜಾಲರಿ ಬೀಳುತ್ತದೆ. ಇದಕ್ಕೆ ಪಂಚೆ ತೆಗೆಯಬೇಕು. ದೀಪ ಚಿಕ್ಕದಿರಬೇಕು, ಎಂಟು ಹತ್ತು ಅಡಿ ದೂರ ಇರಬೇಕು. ಜರಡಿ ಮುಖಕ್ಕೆ ಹತ್ತಿರ ಬಂದಷ್ಟೂ ಗೆರೆ ಚೂಪು. ಒಂದು ಕಣ್ಣು ಬೆಳಕಿನ ಮನೆಯೊಳಗೆ ಬೀಳುವ ತನಕ ಜರಡಿ ಅಲ್ಲಾಡಿಸುತ್ತ ಇರಿ.

ಸಂಜೆ. ತಾರಸಿಯ ಮೇಲೆ, ಸೂರ್ಯ ಮುಳುಗಿದ ಹದಿನೈದು ನಿಮಿಷಕ್ಕೆ ಶುರು ಮಾಡಿ. ಇಲ್ಲಿ ಶಟರ್ ಆಕಾಶವನ್ನು ಹಿಡಿಯುತ್ತದೆ, ಅಪರ್ಚರ್ ಮತ್ತು ಫ್ಲ್ಯಾಶ್ ಶಕ್ತಿ ಮುಖವನ್ನು. ಎಫ್ 4, ಐಎಸ್‌ಒ 400 ಇಟ್ಟು ಫ್ಲ್ಯಾಶ್ ಇಲ್ಲದೆ ಆಕಾಶ ನೀಲಿ ಬರುವ ತನಕ ಶಟರ್ ಬದಲಿಸಿ. ಆಮೇಲೆ ಫ್ಲ್ಯಾಶ್ ಹಾಕಿ. ಶಟರ್ 1/200 ದಾಟಿಸಬೇಡಿ, ಬಹುಪಾಲು ಕ್ಯಾಮೆರಾಗಳಲ್ಲಿ ಅದಕ್ಕೆ ಸ್ವಲ್ಪ ಮೇಲೆ ಹೋದರೆ ಫೋಟೋದ ಒಂದು ಭಾಗ ಕಪ್ಪು ಪಟ್ಟಿಯಾಗುತ್ತದೆ. ಫ್ಲ್ಯಾಶ್ ಬೆಳಕು ಈ ಹೊತ್ತಿಗೆ ಹೊಂದುವುದಿಲ್ಲ, ಬಿಳಿಚಿಕೊಂಡಿರುತ್ತದೆ. ಅದರ ಬಾಯಿಗೆ ಕಿತ್ತಳೆ ಬಣ್ಣದ ಜಿಲೆಟಿನ್ ತುಂಡು ಅಂಟಿಸಿ. ನಾಟಕದವರು ಲೈಟಿಗೆ ಹಾಕುತ್ತಾರಲ್ಲ, ಅದೇ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಒಂದು ನಾಟಕಕ್ಕೆ ಹೋಗಿ, ಕಥೆ ಬಿಟ್ಟು ಬರೀ ಬೆಳಕನ್ನೇ ನೋಡಿ. ನಟನ ಹಿಂದಿನಿಂದ ಬರುವ ದೀಪ ಕೂದಲಿಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ.

ಹಣತೆ ಬೆಳಕಿನಲ್ಲಿ ತೆಗೆಯಲು ಮೂರು ಸಲ ಸೋತೆ. ಒಂದು ಹಣತೆ ಸಾಲುವುದೇ ಇಲ್ಲ. ಏಳು ಹಣತೆಯನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಇಟ್ಟು, ಕೆಳಗಿನಿಂದ ಮುಖಕ್ಕೆ ಹಿಡಿದರೆ ಭೂತ ಕಂಡಂತೆ ಕಾಣುತ್ತದೆ. ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತಿ ಪಕ್ಕಕ್ಕೆ ಸರಿಸಿ, ಎಫ್ 1.8, 1/60, ಐಎಸ್‌ಒ 1600ರಿಂದ ಶುರು ಮಾಡಿ. ವೈಟ್ ಬ್ಯಾಲೆನ್ಸ್ ಆಟೋ ಇಟ್ಟರೆ ಆ ಹಳದಿಯನ್ನೆಲ್ಲ ತೊಳೆದುಬಿಡುತ್ತದೆ. 3200 ಕೆಲ್ವಿನ್‌ಗೆ ಕಟ್ಟಿಹಾಕಿ. ಸೆರಗು ಹುಷಾರು.

ನೋಟ್‌ಬುಕ್

ಪ್ರತಿ ಭಾನುವಾರ ಒಂದು ಪುಟ. ದೀಪ ಎಷ್ಟು ಗಂಟೆಯ ಜಾಗ, ಎಷ್ಟು ಅಡಿ, ನೆಲದಿಂದ ಎಷ್ಟು ಎತ್ತರ, ಕಂಬಳಿ ಎಲ್ಲಿ. ಮೇಲಿಂದ ನೋಡಿದ ಹಾಗೆ ಒಂದು ಗೀಚು ಚಿತ್ರ. ಬೇರೆಯವರ ಫೋಟೋಗಳನ್ನೂ ಹೀಗೇ ಬಿಡಿಸಿ ಬರೆಯಿರಿ. ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ತೆಗೆದ ನಮ್ಮ ಸಾಹಿತಿಗಳ ಭಾವಚಿತ್ರಗಳನ್ನು ಹುಡುಕಿ, ಕಣ್ಣಿನ ಗುಡ್ಡೆಯಲ್ಲಿ ಏನಿದೆ ನೋಡಿ. ಚೌಕ ಹೊಳಪಿದ್ದರೆ ಕಿಟಕಿ, ದುಂಡಗಿದ್ದರೆ ಫ್ಲ್ಯಾಶ್‌ಗೆ ಕಟ್ಟುವ ಸ್ಟುಡಿಯೋ ಕೊಡೆ. ಮೂಗಿನ ನೆರಳು ಯಾವ ಕಡೆ ಅಂತ ನೋಡಿದರೆ ಗಂಟೆಯೂ ಸಿಕ್ಕಿತು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹಾಲಯದಲ್ಲಿ ಹಳೇ ಫೋಟೋಗಳ ಪ್ರದರ್ಶನ ಇದ್ದಾಗ ಪೆನ್ಸಿಲ್ ಹಿಡಿದು ಹೋಗಿ.

ಹನ್ನೆರಡನೇ ಭಾನುವಾರ ನಾನು ಎಲ್ಲ ಪ್ರಿಂಟುಗಳನ್ನು ಅಜ್ಜಿಯ ಮುಂದೆ ಹರಡಿದೆ. ನನಗೆ ಇಷ್ಟವಾದದ್ದು ಎಂಟು ಗಂಟೆಯದು, ಕಂಬಳಿ ಇದ್ದದ್ದು. ಅಜ್ಜಿ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮೊದಲನೇ ವಾರದ ಗೋಡೆಗೋಡೆ ಪುಟಿದ ಚಪ್ಪಟೆ ಫೋಟೋ ಎತ್ತಿಕೊಂಡರು.

"ಇದ್ರಲ್ಲಿ ಏಳೂ ಹರಳು ಕಾಣ್ತಾವೆ ನೋಡು" ಅಂದರು.